ಪಂಚಪತ್ರ ತಾರತಮ್ಯ ನಿರ್ಣಯ

ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಪಗಡೆಗೆ ಜಾಗವಿದೆ, ಚದುರಂಗಕ್ಕೆ ಜಾಗವಿದೆ, ಇಸ್ಪೀಟಿಗಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ‘ಶ್ರೀತತ್ತ್ವನಿಧಿ’ಯಲ್ಲಿ ಚದವೆಂಬ ಎಲೆಯಾಟದ ಬಗೆಬಗೆಯ ಕಟ್ಟುಗಳಿವೆ, ಪೋಕರ್ ಇಲ್ಲ. ಈ ಎರಡು ಮಹಾಲೋಪಗಳ ನಡುವೆ ಅನಾಥವಾಗಿ ಬಿದ್ದಿದ್ದ ಶಾಸ್ತ್ರವನ್ನು ಬಸವನ ಬಾಗೇವಾಡಿ ಸೀಮೆಯ ವಿದ್ವಾಂಸರು ದೀಪಾವಳಿ ಪಾಡ್ಯದ ಮಧ್ಯಾಹ್ನ, ಬೇವಿನ ಗಿಡದ ಬುಡಕ್ಕೆ ಟಾವೆಲ್ ಹಾಸಿ ಉದ್ಧರಿಸಿದರು. ಬಾಲಬೋಧೆಗಾಗಿ ಅದರ ಸಾರ ಇಲ್ಲಿದೆ.

ಮೊದಲು ದ್ರವ್ಯನಿರೂಪಣೆ. ಎಲೆ 52. ಕುಲ ನಾಲ್ಕು: ಇಸ್ಪೀಟ್, ಆಟೀನ್, ಡೈಮಂಡ್, ಕ್ಲಾವರ್. ಪ್ರತಿ ಕುಲದಲ್ಲೂ ಎಕ್ಕಾ, ರಾಜಾ, ರಾಣಿ, ಗುಲಾಮ. ಅವರ ಕೆಳಗೆ ಹತ್ತರಿಂದ ಎರಡರವರೆಗಿನ ಪ್ರಜೆಗಳು. ಒಂದೇ ಚುಕ್ಕೆಯ ಎಕ್ಕಾ ರಾಜನಿಗಿಂತ ದೊಡ್ಡವನಾದದ್ದು ಹೇಗೆಂದು ಶಾಸ್ತ್ರ ಹೇಳುವುದಿಲ್ಲ. ಸರ್ಕಾರಿ ಕಚೇರಿಗೆ ಒಮ್ಮೆ ಹೋಗಿಬಂದವರು ಕೇಳುವುದೂ ಇಲ್ಲ.

ಪೋಕರಿನಲ್ಲಿ ಯಾವ ಕುಲವೂ ಇನ್ನೊಂದಕ್ಕಿಂತ ಮೇಲಲ್ಲ. ಇಸ್ಪೀಟಿನ ಐದೆಲೆಗೂ ಆಟೀನಿನ ಐದೆಲೆಗೂ ಅಂಕಿ ಸಮವಿದ್ದರೆ ಪಣವನ್ನು ಪಾಲು ಮಾಡಿಕೊಂಡು ಏಳಬೇಕು. ಬಸವಣ್ಣನವರ ಹುಟ್ಟೂರಿನಲ್ಲಿ ಈ ಸೂತ್ರಕ್ಕೆ ಭಾಷ್ಯ ಬೇಕಾಗಬಾರದಿತ್ತು, ಬೇಕಾಯಿತು. ಕುಲಕುಲದ ನಡುವೆ ಮೇಲುಕೀಳಿಲ್ಲ, ನಿಜ. ಆದರೆ ಒಂದೇ ಕುಲದ ಐದು ಮಂದಿ ಒಂದೇ ಕೈಯಲ್ಲಿ ಕೂಡಿದರೆ ಅವರಿಗೆ ಎಲ್ಲಿಲ್ಲದ ಬಲ. ಇದಕ್ಕೆ ಕಲರ್ ಎನ್ನುತ್ತಾರೆ. ಟಿಕೆಟ್ ಹಂಚುವ ಪಕ್ಷಗಳು ಈ ಪ್ರಮೇಯವನ್ನು ನಮಗಿಂತ ಮೊದಲೇ ಸಾಧಿಸಿವೆ.

ಇನ್ನು ತಾರತಮ್ಯ. ಅಪರೂಪಕ್ಕೆ ಬಂದದ್ದು ದೊಡ್ಡದು, ಅಷ್ಟೇ. ಐದೈದು ಎಲೆಯ ಕೈಗಳು ಒಟ್ಟು 25,98,960. ಅವುಗಳಲ್ಲಿ 13,02,540ರಲ್ಲಿ ಜೋಡಿಯಿಲ್ಲ, ಕ್ರಮವಿಲ್ಲ, ಏನೂ ಇಲ್ಲ. ಇದ್ದುದರಲ್ಲಿ ದೊಡ್ಡ ಎಲೆಯನ್ನು ಎದೆಗವಚಿಕೊಂಡು ಮುಖ ಗಂಭೀರ ಮಾಡಬೇಕು. ಅರ್ಧಕ್ಕಿಂತ ಹೆಚ್ಚು ಸಲ ಇದೇ ಗತಿ: ನಮ್ಮ ಮುಂಗಾರಿನ ಮೋಡದಂತೆ ಬರುವುದೇನೋ ಬರುತ್ತದೆ, ಹನಿ ಬೀಳುವುದಿಲ್ಲ. ಒಂದು ಜೋಡಿ 10,98,240. ಎರಡು ಜೋಡಿ 1,23,552. ಒಂದೇ ಅಂಕಿಯ ಮೂರು 54,912. ಇಲ್ಲಿಯವರೆಗೆ ಪಂಡಿತರಲ್ಲಿ ಭಿನ್ನಮತವಿರಲಿಲ್ಲ.

ಭಿನ್ನಮತ ಎದ್ದದ್ದು ನಂತರ. ಹುಬ್ಬಳ್ಳಿಯ ಹಾಸ್ಟೆಲಿನಲ್ಲಿ ಪೋಕರ್ ಕಲಿತು ಬಂದ ಹುಡುಗ ಕಲರ್ ಬಿಚ್ಚಿ ರೊಕ್ಕಕ್ಕೆ ಕೈ ಹಾಕಿದ. ಎದುರಿಗಿದ್ದ ಹಿರಿಯರ ಕೈಯಲ್ಲಿ ಐದರಿಂದ ಒಂಬತ್ತರವರೆಗಿನ ಸೀಕ್ವೆನ್ಸ್.

“ಏ ತಮ್ಮಾ, ಕೈ ತಗಿ. ಕಲರ್ ಮ್ಯಾಲ ಸೀಕ್ವೆನ್ಸ್ ಅಲ್ಲೇನ?”

“ಕಾಕಾ, ಅದು ಮೂರೆಲಿ ಆಟಕ್ಕರೀ. ಐದೆಲಿಗೆ ಉಲ್ಟಾ.”

“ಎರಡ ಎಲಿ ಹೆಚ್ಚ ಹಾಕಿದ್ರ ಧರ್ಮಾನ ಬದಲಾಕ್ಕೈತೇನೋ?”

ಬದಲಾಗುತ್ತದೆ. ಮೂರೆಲೆಯ 22,100 ಕೈಗಳಲ್ಲಿ ಕಲರ್ 1,096, ಸೀಕ್ವೆನ್ಸ್ 720. ಆದ್ದರಿಂದ ಸೀಕ್ವೆನ್ಸ್ ಮೇಲು. ಐದೆಲೆಯಲ್ಲಿ ಸೀಕ್ವೆನ್ಸ್ 10,200, ಕಲರ್ 5,108. ಆದ್ದರಿಂದ ಕಲರ್ ಮೇಲು. ಇಬ್ಬರದೂ ಸರಿಯೆಂದು ಗಣಿತ ಹೇಳಿತು, ಆದರೆ ಟಾವೆಲಿನ ಮೇಲಿದ್ದ ರೊಕ್ಕ ಒಂದೇ. ಆಲಮಟ್ಟಿಯ ನೀರು 519.60 ಮೀಟರಿಗೆ ನಿಲ್ಲಬೇಕೋ 524.256ಕ್ಕೆ ಏರಬೇಕೋ ಎಂಬ ತಕರಾರು ರಾಜ್ಯರಾಜ್ಯಗಳ ನಡುವೆ ಇನ್ನೂ ಹರಿಯದಿರುವ ಸೀಮೆಯಿದು; ಎತ್ತರದ ಜಗಳ ನಮಗೆ ಹೊಸದಲ್ಲ.

ಮೇಲಿನ ಮೆಟ್ಟಿಲುಗಳನ್ನು ಬೇಗ ಹತ್ತಬಹುದು, ಯಾಕೆಂದರೆ ಯಾರಿಗೂ ಬರುವುದಿಲ್ಲ. ಮೂರು ಒಂದೇ ಅಂಕಿ, ಜೊತೆಗೊಂದು ಜೋಡಿ ಬಂದರೆ ಫುಲ್ ಹೌಸ್, 3,744. (ಮೂರೆಲೆಯಾಟದಲ್ಲಿ ಬರೀ ಜೋಡಿಗಳ ಲೆಕ್ಕವೂ ಸರಿಯಾಗಿ 3,744. ಎರಡಕ್ಕೂ ಗುಣಾಕಾರ ಒಂದೇ. ಗೂಢಾರ್ಥವೆಂದು ಸಾಧಿಸಿದರೆ ಪಿಎಚ್.ಡಿ. ಖಚಿತ.) ನಾಲ್ಕೂ ಒಂದೇ ಅಂಕಿ 624. ಒಂದೇ ಕುಲದಲ್ಲಿ ಕ್ರಮವಾಗಿ ಐದು, ಕೇವಲ 40. ಅವುಗಳಲ್ಲಿ ಹತ್ತು, ಗುಲಾಮ, ರಾಣಿ, ರಾಜಾ, ಎಕ್ಕಾ ಕೂಡಿದ ರಾಯಲ್ ನಾಲ್ಕೇ ನಾಲ್ಕು. ಗುಲಾಮನೊಬ್ಬ ಎದ್ದುಹೋದರೆ ಅರಮನೆಯೇ ಇಲ್ಲವೆಂಬುದನ್ನು ರಾಜವಂಶದ ಇತಿಹಾಸಕಾರರು ಗಮನಿಸತಕ್ಕದ್ದು.

ಇದಕ್ಕೂ ಮೇಲಿನ ಕೈಯೊಂದಿದೆ: ಕರ್ನಾಟಕ ಪೊಲೀಸ್ ಕಾಯ್ದೆ, 1963, ಕಲಂ 87. ಪೋಕರ್ ಕೌಶಲವೋ ಅದೃಷ್ಟವೋ ಎಂಬ ವಾದ ಹೈಕೋರ್ಟಿನಲ್ಲಿ ನಡೆದು, ಆನ್‌ಲೈನ್ ಆಟ ನಿಷೇಧಿಸಿದ 2021ರ ತಿದ್ದುಪಡಿಯ ಮುಖ್ಯ ಕಲಮುಗಳು 2022ರ ಫೆಬ್ರವರಿಯಲ್ಲಿ ಬಿದ್ದುಹೋದವು. ಬೇವಿನ ಗಿಡದವರೆಗೆ ಆ ತೀರ್ಪಿನ ಪ್ರತಿ ಬಂದಿಲ್ಲ. ಪಂಚನಾಮೆಯ ಗದ್ಯದಲ್ಲಿ ಎಲ್ಲರೂ ‘ದುಂಡಾಗಿ ಕುಳಿತು, ಪಣಕ್ಕೆ ಹಣ ಹಚ್ಚಿ’ದವರೇ; ಫುಲ್ ಹೌಸ್ ಹಿಡಿದವನೂ ಬರಿಗೈಯವನೂ ಅಲ್ಲಿ ಸಮಾನರು. ಡೈಮಂಡ್ ಏಳು ಕಳೆದು ವರ್ಷವಾದ ಕಟ್ಟು ಕೂಡ ಜಪ್ತಿಯಲ್ಲಿ ‘52 ಇಸ್ಪೀಟ್ ಎಲೆಗಳು’ ಎಂದೇ ಪೂರ್ಣತ್ವ ಪಡೆಯುತ್ತದೆ. ಆಟದ ಹೆಸರೂ ಒಂದೇ: ಅಂದರ್ ಬಾಹರ್.

ಜನ್ಮಕ್ಕೊಮ್ಮೆ ರಾಯಲ್ ಬಂದ ಹುಡುಗ ಅದನ್ನು ಬಿಚ್ಚುವ ಮೊದಲೇ ಸಿಕ್ಕಿಬಿದ್ದು, “ಸಾಹೇಬ್ರ, ಇದು ಅಂದರ್ ಬಾಹರ್ ಅಲ್ರೀ, ಪೋಕರ್ ಐತ್ರೀ, ಎಲಿನಾರ ನೋಡ್ರೀ” ಎಂದು ಪಾಠಾಂತರ ಸೂಚಿಸಿದ.

“ಇಲ್ಲಿ ಸಹಿ ಮಾಡು” ಎಂದರು ಹವಾಲ್ದಾರರು.