ಕೆಂಪು ಚಡ್ಡಿ ಮೀಮಾಂಸೆ

ಮೊದಲು ಲಕ್ಷಣ. ಸೂಪರ್‌ಹೀರೋ ಸಿನಿಮಾವನ್ನು ಬಿಡುಗಡೆಯ ದಿನವೇ ನೋಡುವವನು ಅಭಿಮಾನಿ ಎಂದರೆ ಅತಿವ್ಯಾಪ್ತಿ ದೋಷ. ಪತ್ರಿಕೆಯ ವಿಮರ್ಶಕನೂ ಒಳಗೆ ನುಗ್ಗುತ್ತಾನೆ. ಸಿನಿಮಾ ಮೆಚ್ಚುವವನು ಎಂದರೆ ಅವ್ಯಾಪ್ತಿ. ಅಪ್ಪಟ ಅಭಿಮಾನಿಗಳೇ ಹೊರಗುಳಿಯುತ್ತಾರೆ. ಆದ್ದರಿಂದ ಸಿಟ್ಟಾಗಲೆಂದೇ ಸ್ವಂತ ದುಡ್ಡು ಕೊಟ್ಟು ಹೋಗಿ, ಸಿಟ್ಟು ಬಾರದಿದ್ದರೆ ಅದಕ್ಕೂ ನಿರ್ದೇಶಕನನ್ನೇ ಹೊಣೆ ಮಾಡುವವನು ಅಭಿಮಾನಿ. ಪರಿಶೀಲನೆಗೆ ಜೇಮ್ಸ್ ಗನ್ ನಿರ್ದೇಶನದಲ್ಲಿ 2025ರ ಜುಲೈನಲ್ಲಿ ತೆರೆಕಂಡ ‘ಸೂಪರ್‌ಮ್ಯಾನ್’ ಸಾಕು.

ಅಭಿಮಾನಿಯ ಪ್ರತಿಕ್ರಿಯೆ ಪ್ರಾಗ್ದರ್ಶನ, ಉತ್ತರದರ್ಶನ ಎಂದು ಎರಡು ಬಗೆ. ಸಿನಿಮಾ ನೋಡುವುದಕ್ಕೆ ಮುಂಚೆಯೇ ಹುಟ್ಟುವುದು ಪ್ರಾಗ್ದರ್ಶನ. ಬಲದಲ್ಲಿ ಇದೇ ಮೇಲು, ಅಲ್ಲಗಳೆಯಲು ಸಿನಿಮಾ ಇನ್ನೂ ಇರುವುದಿಲ್ಲವಲ್ಲ. 1988ರಲ್ಲಿ ಬ್ಯಾಟ್‌ಮ್ಯಾನ್ ಪಾತ್ರಕ್ಕೆ, ಹಾಸ್ಯಪಾತ್ರಗಳಿಗೆ ಹೆಸರಾಗಿದ್ದ ಮೈಕೆಲ್ ಕೀಟನ್ ಆಯ್ಕೆಯಾದಾಗ ವಾರ್ನರ್ ಬ್ರದರ್ಸ್‌ಗೆ ಸಾವಿರಾರು ಪ್ರತಿಭಟನಾ ಪತ್ರ ಬಂದವು. 2023ರ ‘ದಿ ಫ್ಲ್ಯಾಶ್’ನಲ್ಲಿ ಅದೇ ಕೀಟನ್ ಮತ್ತೆ ಮುಖವಾಡ ತೊಟ್ಟಾಗ ಹಿಗ್ಗಿದವರೂ ಈ ಕುಲದವರೇ. ಪತ್ರ ಬರೆದ ಕೈ, ಚಪ್ಪಾಳೆ ತಟ್ಟಿದ ಕೈ ಒಂದೇ ದೇಹದ್ದೇ ಎಂಬುದರ ಬಗ್ಗೆ ಶಾಸ್ತ್ರ ಮಾತಾಡುವುದಿಲ್ಲ.

2024ರ ಮೇ ತಿಂಗಳಲ್ಲಿ ಹೊಸ ಸೂಪರ್‌ಮ್ಯಾನ್ ಡೇವಿಡ್ ಕೊರೆನ್‌ಸ್ವೆಟ್ ಕೂತು ಬೂಟು ಏರಿಸಿಕೊಳ್ಳುತ್ತಿರುವ ಫೋಟೋ ಹೊರಬಿತ್ತು. ಕಿಟಕಿಯಾಚೆ ಊರಿಗೆ ಏನೋ ಅನಾಹುತ ನಡೆದಿತ್ತು. ಅದು ಯಾರಿಗೂ ಬೇಕಿರಲಿಲ್ಲ. ಕಣ್ಣೆಲ್ಲ ಕೆಂಪು ಚಡ್ಡಿಯ ಮೇಲೆ. ಅಲ್ಲಿಗೆ ಸಚಡ್ಡಿಕರು, ನಿಶ್ಚಡ್ಡಿಕರು ಎಂಬ ಎರಡು ಮತಗಳು ಎದುರುಬದುರಾದವು. ಸಚಡ್ಡಿಕರಿಗೆ ಪ್ರಮಾಣ 1938ರ ‘ಆಕ್ಷನ್ ಕಾಮಿಕ್ಸ್’ನ ಮೊದಲ ಸಂಚಿಕೆ, ಸರ್ಕಸ್ಸಿನ ಜಟ್ಟಿಗಳು ಬಿಗಿಯುಡುಪಿನ ಮೇಲೆ ಚಡ್ಡಿ ಹಾಕುತ್ತಿದ್ದ ಕಾಲ ಅದು. ನಿಶ್ಚಡ್ಡಿಕರಿಗೆ ಪ್ರಮಾಣ 2011; ಆ ವರ್ಷ ಕಾಮಿಕ್ಸಿನವರೇ ಚಡ್ಡಿ ಕಳಚಿದರು, 2013ರ ‘ಮ್ಯಾನ್ ಆಫ್ ಸ್ಟೀಲ್’ನಲ್ಲಿ ಹೆನ್ರಿ ಕ್ಯಾವಿಲ್ ಅದಿಲ್ಲದೆಯೇ ಹಾರಿದರು. 2018ರಲ್ಲಿ ‘ಆಕ್ಷನ್ ಕಾಮಿಕ್ಸ್’ನ ಸಾವಿರನೆಯ ಸಂಚಿಕೆಗೆ ಚಡ್ಡಿ ವಾಪಸು ಬಂತು. ಅದು ಪ್ರಕ್ಷಿಪ್ತ ಎಂದು ನಿಶ್ಚಡ್ಡಿಕರ ಪಟ್ಟು. ಗನ್ ಕೂಡ ಡೋಲಾಯಮಾನರಾಗಿದ್ದರಂತೆ. ಕಣ್ಣಲ್ಲಿ ಬೆಂಕಿ ಕಾರುವ ಅನ್ಯಲೋಕದವನನ್ನು ಕಂಡು ಮಕ್ಕಳು ಹೆದರಬಾರದಲ್ಲ, ಅದಕ್ಕೇ ಈ ವೇಷ ಎಂದು ಕೊರೆನ್‌ಸ್ವೆಟ್ ಹೇಳಿದ ಮೇಲೆ ಒಪ್ಪಿದರು. ಇಡೀ ವ್ಯಾಜ್ಯದಲ್ಲಿ ಬುದ್ಧಿಯ ಮಾತು ಇದೊಂದೇ. ಅದೂ ಅಭಿಮಾನಿಯ ಬಾಯಿಂದ ಬಂದದ್ದಲ್ಲ.

ಉತ್ತರದರ್ಶನದಲ್ಲಿ ಅಗ್ರಪೂಜೆ ಮೂಲವಾದಿಗೆ. ‘ಮೂಲದಲ್ಲಿ ಹೀಗಿಲ್ಲ’ ಎಂಬುದು ಇವನ ಬೀಜಮಂತ್ರ. ಮೂಲದಲ್ಲಿ ಏನಿತ್ತು? ಜೆರ್ರಿ ಸೀಗಲ್, ಜೋ ಶುಸ್ಟರ್ ಜೋಡಿಯ 1938ರ ಸೂಪರ್‌ಮ್ಯಾನ್ ಹಾರುತ್ತಿರಲಿಲ್ಲ, ನೆಗೆಯುತ್ತಿದ್ದ. ಒಂದು ನೆಗೆತಕ್ಕೆ ಮೈಲಿಯ ಎಂಟನೇ ಒಂದು ಭಾಗ. ಹಾರಾಟ ರೂಢಿಗೆ ಬಂದದ್ದು ನಲವತ್ತರ ದಶಕದ ರೇಡಿಯೋ ಮತ್ತು ಕಾರ್ಟೂನು ಚಿತ್ರಗಳ ಬಲದಿಂದ. ಪತ್ರಿಕೆಯ ಸಂಪಾದಕ ಪೆರ್ರಿ ವೈಟ್ ಹುಟ್ಟಿದ್ದು 1940ರ ರೇಡಿಯೋ ಸರಣಿಯಲ್ಲಿ. ಸೂಪರ್‌ಮ್ಯಾನ್‌ನನ್ನು ನೆಲಕ್ಕೆ ಕೆಡಹುವ ಕ್ರಿಪ್ಟೊನೈಟ್ ಕೂಡ ಅದೇ ರೇಡಿಯೋದ ಕೂಸು, 1943ರದು. ಕಾಮಿಕ್ಸಿಗೆ ಬಂದದ್ದು ಆಮೇಲೆ. ಅಂದರೆ ಮೂಲವಾದಿ ಕಾಯುತ್ತಿರುವ ಭಂಡಾರದಲ್ಲಿ ಅರ್ಧ ಸರಕು ಹಳೆಯ ರೂಪಾಂತರಗಳದ್ದೇ. ಆದ್ದರಿಂದ ಸೂತ್ರ: ಅಭಿಮಾನಿಯು ಹತ್ತು ವರ್ಷದವನಿದ್ದಾಗ ಕಂಡದ್ದು ಮೂಲ, ಅದಕ್ಕೆ ಹಿಂದಿನದು ಇತಿಹಾಸ, ಮುಂದಿನದು ಅಪಚಾರ.

ಇದಕ್ಕೆ ನಿದರ್ಶನ ಝಾಡ್ ವಧೆ. 2013ರ ಚಿತ್ರದಲ್ಲಿ ಸೂಪರ್‌ಮ್ಯಾನ್ ಖಳನಾಯಕ ಜನರಲ್ ಝಾಡ್‌ನ ಕತ್ತು ಮುರಿದಾಗ, ಅವನು ಯಾರನ್ನೂ ಕೊಲ್ಲುವವನಲ್ಲ ಎಂದು ಹಾಹಾಕಾರವೆದ್ದಿತು. 1980ರ ‘ಸೂಪರ್‌ಮ್ಯಾನ್ 2’ರಲ್ಲಿ ಕ್ರಿಸ್ಟೋಫರ್ ರೀವ್ ಅದೇ ಝಾಡ್‌ನ ಶಕ್ತಿ ಕಿತ್ತು, ಕೈ ಹಿಸುಕಿ, ಹಿಮದರಮನೆಯ ಕಂದಕಕ್ಕೆ ಎಸೆದದ್ದು ಯಾರ ನಿದ್ದೆಯನ್ನೂ ಕೆಡಿಸಲಿಲ್ಲ. 1988ರ ಕಾಮಿಕ್ಸಿನಲ್ಲಂತೂ ಕ್ರಿಪ್ಟೊನೈಟ್ ಹಿಡಿದು ಝಾಡ್ ಮತ್ತು ಅವನ ಇಬ್ಬರು ಜೊತೆಗಾರರನ್ನು ಸೂಪರ್‌ಮ್ಯಾನ್‌ನೇ ಮುಗಿಸಿದ್ದಾನೆ. ಇಲ್ಲಿ ಪೂರ್ವಪಕ್ಷಿ ತಡೆಯುತ್ತಾನೆ: ರೀವ್ ಚಿತ್ರದಿಂದ ಕತ್ತರಿಸಿ ತೆಗೆದ ದೃಶ್ಯವೊಂದರಲ್ಲಿ ಝಾಡ್‌ನನ್ನು ಪೊಲೀಸರು ಜೀವಂತ ಹಿಡಿದೊಯ್ಯುತ್ತಾರೆ! ನಿಜ, ಒಯ್ಯುತ್ತಾರೆ. ತೆರೆಯ ಮೇಲೆ ಬಂದ ಪಾಠಕ್ಕಿಂತ ಕಸದ ಬುಟ್ಟಿಯ ಪಾಠಕ್ಕೆ ಹೆಚ್ಚು ಪ್ರಾಮಾಣ್ಯ ಕೊಡುವ ಈ ನ್ಯಾಯವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮೂಲವಾದಿಗಳ ಒಂದು ಶಾಖೆ ಪಿತೃಪಕ್ಷ. ಮಗು ಸೂಪರ್‌ಮ್ಯಾನ್‌ನನ್ನು ಭೂಮಿಗೆ ಕಳಿಸಿದ ತಂದೆತಾಯಿಯ ಸಂದೇಶದ ದ್ವಿತೀಯಾರ್ಧ ಗನ್ ಚಿತ್ರದಲ್ಲಿ ಬಯಲಾಗುತ್ತದೆ: ಜನಸೇವೆಯ ಮಾತಿಲ್ಲ, ಅಲ್ಲಿನವರನ್ನು ಆಳು ಎಂಬ ಅಪ್ಪಣೆ. 1978ರಲ್ಲಿ ಮಾರ್ಲನ್ ಬ್ರಾಂಡೊ ಗಂಭೀರವಾಗಿ ಉಪದೇಶ ಮಾಡಿದ ಜೋರ್-ಎಲ್‌ನನ್ನೇ ತಂದೆಯೆಂದು ನಂಬಿದವರಿಗೆ ಇದು ವಂಶಕ್ಕೇ ಹಚ್ಚಿದ ಕಳಂಕ. ಸಂದೇಶ ನಕಲಿಯೆಂದು ಮುಂದಿನ ಚಿತ್ರದಲ್ಲಾದರೂ ತಿಳಿದೀತು ಎಂದು ಕಾಯುತ್ತಿದ್ದಾರೆ.

ನಿರ್ದೇಶಕ ಝ್ಯಾಕ್ ಸ್ನೈಡರ್ ಪಂಥದವರನ್ನು ವರ್ಗೀಕರಿಸುವ ತೊಂದರೆಯಿಲ್ಲ, ಅವರೇ ಮಾಡಿಕೊಂಡಿದ್ದಾರೆ. ಹಟ ಹಿಡಿದು 2021ರಲ್ಲಿ ನಾಲ್ಕು ಗಂಟೆಯ ‘ಜಸ್ಟಿಸ್ ಲೀಗ್’ ಪಡೆದವರು ಅವರು. ಹೊಸ ಚಿತ್ರ ಬಂದಾಗಲೆಲ್ಲ ಹಳೆಯದಕ್ಕೆ ಸೂತಕ ಆಚರಿಸುತ್ತಾರೆ.

ಉಳಿದದ್ದು ಗನ್ ಚಿತ್ರದ ಕ್ರಿಪ್ಟೊ ಎಂಬ ನಾಯಿ. ಇದರ ವಿಷಯದಲ್ಲಿ ಸಚಡ್ಡಿಕರು, ನಿಶ್ಚಡ್ಡಿಕರು, ಪಿತೃಪಕ್ಷದವರು ಒಂದೇ ಸಾಲಿನಲ್ಲಿ ಕೂತು ನಕ್ಕರು. ಆದರೆ ಚಿತ್ರದ ಕೊನೆಯಲ್ಲಿ ಸೂಪರ್‌ಗರ್ಲ್ ಬಂದು ನಾಯಿ ತನ್ನದೆಂದು ಕರೆದುಕೊಂಡು ಹೋಗುತ್ತಾಳೆ. 1955ರ ಕಾಮಿಕ್ಸಿನಲ್ಲಿ ಅದು ಸೂಪರ್‌ಮ್ಯಾನ್ ಬಾಲ್ಯದ ನಾಯಿ. ಮೂಲವಾದಿ ಗಂಟಲು ಸರಿಮಾಡಿಕೊಂಡ.