ಐ7 ಎಂಬ ಹೆಸರಿಗೆ ಹದಿನೆಂಟು ಸಾವಿರ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಂಪ್ಯೂಟರ್ ಅಂಗಡಿಕಾರರಿಗೊಂದು ಬಹಿರಂಗ ಪತ್ರ

ಅಣ್ಣಗಳಿರಾ,

ನನ್ನ ಅಣ್ಣ ಸವದತ್ತಿ ತಾಲ್ಲೂಕಿನ ರೈತ. ಕಡಲೆ ಮಾರಿದ ದುಡ್ಡಿನಲ್ಲಿ ಬಿಸಿಎ ಓದುವ ಮಗಳಿಗೆ ಕಂಪ್ಯೂಟರ್ ಕೊಡಿಸಲು ನಿಮ್ಮಲ್ಲೊಬ್ಬರ ಅಂಗಡಿಗೆ ಬಂದಿದ್ದ. ಹೆಸರು ಹೇಳುವುದಿಲ್ಲ, ಒಬ್ಬರನ್ನು ಕಟಕಟೆಗೆ ಎಳೆಯುವುದಕ್ಕೆ ಈ ಪತ್ರ ಬರೆಯುತ್ತಿಲ್ಲ. ಆತ ಐ3 ಕೇಳಿದ. “ಐ3 ಬ್ಯಾಡ್ರೀ ಅಣ್ಣಾರ, ಅದು ಸಣ್ಣದು. ಐ7 ತಗೋರಿ, ಮಗಳ ಓದು ಮುಗಿಯೂತನಾ ಚಿಂತಿಲ್ಲ” ಎಂಬ ಉತ್ತರ ಬಂತು. ಹದಿನೆಂಟು ಸಾವಿರ ಎಣಿಸಿಕೊಟ್ಟ. ಡಬ್ಬಿ ಹೊಸದು, ಒಳಗಿನ ಬೋರ್ಡೂ ಹೊಸದು. ಬಿಲ್ಲಿನಲ್ಲಿ ಬರೆದದ್ದು ಇಷ್ಟೇ: ‘ಐ7 ಕಂಪ್ಯೂಟರ್, 1 ನಗ’.

ಹಬ್ಬಕ್ಕೆ ಹೋದಾಗ ನಾನದನ್ನು ತೆರೆದು ನೋಡಿದೆ. ಪ್ರೊಸೆಸರ್ ಐ7-2600. ಇಂಟೆಲ್ ಅದನ್ನು ಮಾರುಕಟ್ಟೆಗೆ ಬಿಟ್ಟದ್ದು 2011ರ ಜನವರಿಯಲ್ಲಿ. ಅದರ ತಯಾರಿಕೆ ನಿಂತು ಹತ್ತು ವರ್ಷದ ಮೇಲಾಗಿದೆ. ಅಂದರೆ ಯಾವುದೋ ಊರಿನ ಕಚೇರಿಯಲ್ಲಿ ವರ್ಷಗಟ್ಟಲೆ ದುಡಿದು, ಕಳಚಿ, ಹೊಸ ಬೋರ್ಡಿಗೆ ಕೂಡಿಸಿದ ಚಿಪ್ಪು ಅದು. ನೀವು ‘ಸಣ್ಣದು’ ಎಂದ ಐ3 ಬಹುಶಃ ಐ3-12100 ಇದ್ದೀತು, 2022ರದ್ದು. ಇವೆರಡನ್ನೂ ಪಕ್ಕಪಕ್ಕ ಇಟ್ಟು ನೋಡೋಣ.

ಎರಡಕ್ಕೂ ನಾಲ್ಕು ಕೋರ್, ಎಂಟು ಥ್ರೆಡ್. ಇಲ್ಲಿ ದೊಡ್ಡದು ಯಾವುದು, ಸಣ್ಣದು ಯಾವುದು? ಮೂಲ ವೇಗ ನೋಡಿದರೆ ಐ7ಗೆ 3.4 ಗಿಗಾಹರ್ಟ್ಸ್, ಐ3ಗೆ 3.3. ಗಿರಾಕಿಗೆ ಈ ಎರಡು ಅಂಕಿ ತೋರಿಸಿದರೆ ಆತ ಐ7 ಎನ್ನುವುದು ಸಹಜ. ಆದರೆ ಕೆಲಸ ಬಿದ್ದಾಗ ಐ7 ಏರುವುದು 3.8ರ ತನಕ, ಐ3 4.3ಕ್ಕೆ ಮುಟ್ಟುತ್ತದೆ. ಅದಕ್ಕಿಂತ ದೊಡ್ಡ ಅಂತರ ಗಿಗಾಹರ್ಟ್ಸಿನಲ್ಲಿ ಕಾಣುವುದೇ ಇಲ್ಲ.

ರಾಮದುರ್ಗದ ನೇಕಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎರಡು ಮಗ್ಗಗಳ ಲಾಳಿ ನಿಮಿಷಕ್ಕೆ ಅಷ್ಟಷ್ಟೇ ಸಲ ಓಡಿದರೂ ಪನ್ನ ಅಗಲವಿದ್ದ ಮಗ್ಗದಲ್ಲಿ ಬಟ್ಟೆ ಹೆಚ್ಚು ಬರುತ್ತದೆ. ಹಳೆಯ ಐ7ನ ಕೋರ್ ಒಂದು ಬಡಿತಕ್ಕೆ ನಾಲ್ಕು ಆದೇಶ ಬಿಡಿಸಿಕೊಳ್ಳುವಂತೆ ಕಟ್ಟಿದ್ದು; ಐ3-12100ರ ಕೋರ್ ಆರು. ಕ್ಯಾಶ್ 8 ಎಂಬಿ ಇದ್ದದ್ದು 12 ಎಂಬಿ ಆಗಿದೆ. ರ‍್ಯಾಮ್ ಡಿಡಿಆರ್3 ಇದ್ದದ್ದು ಡಿಡಿಆರ್4, ಬೇಕಾದರೆ ಡಿಡಿಆರ್5. ಇದೆಲ್ಲ ಕೂಡಿ ಒಂದೇ ಕೋರಿನ ಕೆಲಸದಲ್ಲಿ ಐ3 ಹೆಚ್ಚುಕಡಿಮೆ ಎರಡರಷ್ಟು ಚುರುಕು. ಎಲ್ಲ ಕೋರುಗಳನ್ನೂ ಹೂಡಿದರೆ ಎರಡರಷ್ಟಕ್ಕೂ ಮೇಲೆ. ಬಿಡುಗಡೆಯಾದಾಗ ಐ7-2600ರ ದರ 294 ಡಾಲರ್ ಇತ್ತು, ಐ3-12100ರದ್ದು 122ರ ಆಸುಪಾಸು. ‘7’ ಎಂಬ ಅಂಕಿ ಆಯಾ ವರ್ಷದ ಸಾಲಿನಲ್ಲಿ ಮಾತ್ರ ಮೇಲಿನದು. ಹನ್ನೊಂದು ವರ್ಷ ದಾಟಿದ ಮೇಲೂ ಅದು ಮೇಲಿನದೇ ಎಂದು ಹೇಳುವುದು ಸುಳ್ಳು.

ನಮ್ಮ ಮಗಳಿಗೆ ತಟ್ಟಿದ ತೊಂದರೆ ಇನ್ನೂ ಬೇರೆ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಎಂಟನೇ ಜನರೇಷನ್ ಅಥವಾ ಅದರ ಮುಂದಿನದು ಬೇಕೆಂದು ಮೈಕ್ರೋಸಾಫ್ಟ್ ನಿಯಮ, ಈ ಐ7 ಎರಡನೆಯದು. ಹೇಗೋ ಆ ನಿಯಮ ತಪ್ಪಿಸಿ ಹನ್ನೊಂದನ್ನು ತುರುಕಿ ಕೊಟ್ಟಿದ್ದರು. ಯೂಟ್ಯೂಬಿನಲ್ಲಿ ಪಾಠ ಹಚ್ಚಿದರೆ ಫ್ಯಾನು ಗೊರಗೊರ ಶುರುವಾಗುತ್ತದೆ. ಇಂದಿನ ವಿಡಿಯೊ ಬಗೆಗಳನ್ನು ಬಿಡಿಸುವ ಯಂತ್ರಭಾಗ ಆ ಕಾಲದ ಗ್ರಾಫಿಕ್ಸಿನಲ್ಲಿ ಇಲ್ಲವಾದ್ದರಿಂದ ಇಡೀ ಭಾರ ಪ್ರೊಸೆಸರ್ ಮೇಲೆ ಬೀಳುತ್ತದೆ. ಸವದತ್ತಿಯಲ್ಲಿ ಬನದ ಹುಣ್ಣಿಮೆ, ಭರತ ಹುಣ್ಣಿಮೆಯ ಜಾತ್ರೆಯನ್ನು ಮೊಬೈಲಿನಲ್ಲಿ ತೆಗೆದು ಎಡಿಟ್ ಮಾಡುವ ಹುಡುಗರನ್ನು ಕೇಳಿ ನೋಡಿ. ಈಗಿನ ಹಲವು ಫೋನುಗಳು ಎಚ್‌ಇವಿಸಿ ಬಗೆಯಲ್ಲಿ ವಿಡಿಯೊ ಹಿಡಿಯುತ್ತವೆ. ಅದು ಈ ಹಳೆ ಐ7 ಮೇಲೆ ತಡೆತಡೆದು ಓಡುತ್ತದೆ, ಐ3-12100 ಮೇಲೆ ಸರಾಗ.

ಹಳೆಯ ಸಾಮಾನು ಮಾರಲೇಬಾರದು ಎನ್ನುವವ ನಾನಲ್ಲ. ಲಗ್ನಪತ್ರಿಕೆ, ಅರ್ಜಿ, ಕಿತ್ತೂರು ಉತ್ಸವದ ಕರಪತ್ರ ಕೂಡಿಸುವ ಡಿಟಿಪಿ ಅಂಗಡಿಗೆ ನುಡಿ, ಪೇಜ್‌ಮೇಕರ್ ಓಡಿದರೆ ಸಾಕು. ಒಂದು ಎಸ್‌ಎಸ್‌ಡಿ ಹಾಕಿಕೊಟ್ಟರೆ ಆ ಕೆಲಸಕ್ಕೆ ಐ7-2600 ಈಗಲೂ ಸಾಲುತ್ತದೆ. ಹೊಸ ಐ3 ಜೋಡಿಸಲು ಹದಿನೆಂಟು ಸಾವಿರಕ್ಕಿಂತ ಹೆಚ್ಚು ಬೇಕಾಗುತ್ತದೆ ಎಂಬುದೂ ನನಗೆ ಗೊತ್ತು. ರೈತನ ಕೈಯಲ್ಲಿ ಅಷ್ಟೇ ದುಡ್ಡಿದ್ದರೆ ನಿಮ್ಮದೇ ಸೆಕೆಂಡ್‌ಹ್ಯಾಂಡ್ ಕಪಾಟಿನಿಂದ 2018ರ ಐ5-8500 ಕೊಡಬಹುದಿತ್ತು. ಆರು ಕೋರ್, ಎಂಟನೇ ಜನರೇಷನ್, ವಿಂಡೋಸ್ 11 ನೇರವಾಗಿ ಒಪ್ಪಿಕೊಳ್ಳುತ್ತದೆ. ‘ಇದು ಹಳೇದ್ರೀ, ಆದ್ರ ಛಲೋ ಐತಿ’ ಎಂದಿದ್ದರೆ ನನ್ನ ಅಣ್ಣ ಸಂತೋಷದಿಂದ ಒಯ್ಯುತ್ತಿದ್ದ. ಅವನಿಗೆ ಐ7 ಬೇಕಿರಲಿಲ್ಲ. ನಾಲ್ಕು ವರ್ಷ ಬಾಳುವ ಯಂತ್ರ ಬೇಕಿತ್ತು.

ದನದ ಸಂತೆಯಲ್ಲಿ ಇದೇ ಅಣ್ಣ ಎತ್ತಿನ ಬಾಯಿ ತೆರೆದು ಹಲ್ಲೆಣಿಸದೆ ಹಗ್ಗ ಹಿಡಿಯುವವನಲ್ಲ. ಎರಡು ಹಲ್ಲೋ ನಾಲ್ಕು ಹಲ್ಲೋ ನೋಡಿಯೇ ವ್ಯಾಪಾರ. ಪ್ರೊಸೆಸರಿಗೂ ಹಲ್ಲುಂಟು: ಅಡ್ಡಗೆರೆಯ ಮುಂದಿನ ಅಂಕಿ. 2600 ಅಂದರೆ ಎರಡನೇ ಜನರೇಷನ್, 8500 ಅಂದರೆ ಎಂಟನೆಯದು, 12100 ಅಂದರೆ ಹನ್ನೆರಡನೆಯದು. ಅವನಿಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಹೇಳಿಕೊಡಬೇಕಾದವರು ನೀವಿದ್ದಿರಿ, ಅವನು ನಂಬಿ ಬಂದದ್ದು ನಿಮ್ಮನ್ನು. ನನಗೆ ಹದಿನೆಂಟು ಸಾವಿರಕ್ಕಿಂತ ಹೆಚ್ಚು ನೋವಾದದ್ದು ಇದಕ್ಕೆ.

ಬಳಸಿದ ವಸ್ತುವನ್ನು ಹೊಸದೆಂದು ಮಾರುವುದು, ಬಿಲ್ ಕೊಡದಿರುವುದು, ಎರಡೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿ. ಐದು ಲಕ್ಷದವರೆಗಿನ ಖರೀದಿಗೆ ಜಿಲ್ಲಾ ಆಯೋಗದಲ್ಲಿ ದೂರು ಕೊಡಲು ಶುಲ್ಕವೂ ಇಲ್ಲ. ಅಣ್ಣ ಬೆಳಗಾವಿಗೆ ಹೋಗಲೊಲ್ಲ. “ಊರಾಗ ಮಾರಿ ಮಾರಿ ನೋಡೂದೈತಿ” ಎನ್ನುತ್ತಾನೆ. ಅವನ ಆ ಸಂಕೋಚದ ಮೇಲೆ ವ್ಯಾಪಾರ ಕಟ್ಟಬೇಡಿ.

ಕೊಳ್ಳುವವರಿಗೂ ಒಂದು ಮಾತು. ದುಡ್ಡು ಕೊಡುವ ಮುಂಚೆ ಕಂಪ್ಯೂಟರ್ ಹಚ್ಚಿಸಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ, ಪರ್ಫಾರ್ಮೆನ್ಸ್ ಎಂಬಲ್ಲಿ ಸಿಪಿಯು ತೆರೆಯಿರಿ. ಪ್ರೊಸೆಸರಿನ ಪೂರ್ತಿ ಹೆಸರು ಅಲ್ಲಿರುತ್ತದೆ. ಮೊಬೈಲಿನಲ್ಲಿ ಫೋಟೊ ಹೊಡೆದುಕೊಳ್ಳಿ. ಅನುಮಾನವಿದ್ದರೆ ಗ್ರಾಹಕ ಸಹಾಯವಾಣಿ 1915.

ಅಂಗಡಿಯ ಅಣ್ಣಗಳಿರಾ, ನಾಳೆಯಿಂದ ಬಿಲ್ಲಿನಲ್ಲಿ ಬರೀ ‘ಐ7’ ಎಂದು ಬರೆಯಬೇಡಿ. ಪೂರ್ತಿ ನಂಬರ್ ಬರೆಯಿರಿ, ಅದರ ಮುಂದೆ ಹೊಸದೋ ಹಳೆಯದೋ ಬರೆಯಿರಿ.

ಇತಿ,
ಸವದತ್ತಿ ತಾಲ್ಲೂಕಿನ ಒಬ್ಬ ಗಿರಾಕಿ