ಸದರಿ ಪತ್ರದ ಹೇಳಿಕೆ: ಒಂದು ಟಿ.ಸಿ.ಯ ಸಂದರ್ಶನ

ವರ್ಗಾವಣೆ ಪ್ರಮಾಣಪತ್ರ, ಜನರ ಬಾಯಲ್ಲಿ ಟಿ.ಸಿ., ಮಗು ಒಂದು ಶಾಲೆ ಬಿಟ್ಟು ಇನ್ನೊಂದಕ್ಕೆ ಹೋಗುವಾಗ ಜೊತೆಗೆ ಹೋಗುವ ಹಾಳೆ. ಸರ್ಕಾರಿ ಶಾಲೆ ಉಳಿಯಲಿ ಎನ್ನುವವರಾಗಲಿ, ಶಾಲೆಯ ಆಯ್ಕೆ ತಂದೆತಾಯಿಯ ಹಕ್ಕು ಎನ್ನುವವರಾಗಲಿ ತಮ್ಮ ಸಭೆಗೆ ಇದನ್ನು ಕರೆದದ್ದಿಲ್ಲ. ಎರಡೂ ಕಡೆಯ ಶಾಲೆಗಳ ಒಳಗು ಕಂಡಿರುವುದು ಮಾತ್ರ ಇದೇ. ಸಂದರ್ಶನ ನಡೆದದ್ದು ಜೂನ್ ತಿಂಗಳಲ್ಲಿ, ಹಳ್ಳಿಯ ಪ್ರಾಥಮಿಕ ಶಾಲೆಯ ಮೇಜಿನ ಮೇಲೆ, ಹೆಡ್‌ಮೇಷ್ಟ್ರು ಕಾಲಂಗಳನ್ನು ತುಂಬುತ್ತಿದ್ದಷ್ಟು ಹೊತ್ತು. ಕಚೇರಿಯ ಕಾಗದವಾದ್ದರಿಂದ ಟಿ.ಸಿ. ‘ನಾನು’ ಎನ್ನುವುದಿಲ್ಲ, ‘ಸದರಿ ಪತ್ರ’ ಎನ್ನುತ್ತದೆ.

ಪ್ರಶ್ನೆ: ಪ್ರಯಾಣ ಹೆಚ್ಚಾಗಿ ಯಾವ ಕಡೆಗೆ?

ಟಿ.ಸಿ.: ಖಾಸಗಿ ಶಾಲೆಯ ಹಳದಿ ವ್ಯಾನು ಹೋದ ಕಡೆಗೆ. ಒಮ್ಮೆ ಮಾತ್ರ ದಿಕ್ಕು ತಿರುಗಿತ್ತು. ಕೊರೋನಾ ಕಾಲದಲ್ಲಿ, 2020 ಮತ್ತು 2021ರಲ್ಲಿ, ದುಡಿಮೆ ನಿಂತ ಅನೇಕ ಮನೆಗಳು ಮಕ್ಕಳನ್ನು ಖಾಸಗಿ ಶಾಲೆಯಿಂದ ಬಿಡಿಸಿ ಸರ್ಕಾರಿ ಶಾಲೆಗೆ ತಂದವು. ಆಗ ಫೀ ಬಾಕಿಯ ನೆಪದಲ್ಲಿ ಸದರಿ ಪತ್ರ ಹಲವು ಕಡೆ ಬೀರುವಿನೊಳಗೇ ಉಳಿಯಿತು.

ಪ್ರಶ್ನೆ: ಹಾಗೆ ಇಟ್ಟುಕೊಳ್ಳಬಹುದೆ?

ಟಿ.ಸಿ.: 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಕೇಳಿದ ಕೂಡಲೇ ಕೊಡಬೇಕು, ತಡ ಮಾಡಿದ ಮುಖ್ಯೋಪಾಧ್ಯಾಯರ ಮೇಲೆ ಶಿಸ್ತುಕ್ರಮ. ಟಿ.ಸಿ. ಬಂದಿಲ್ಲವೆಂದು ಹೊಸ ಶಾಲೆ ಮಗುವನ್ನು ನಿಲ್ಲಿಸುವಂತಿಲ್ಲ. ಇದು ಎಲ್ಲರಿಗೂ ತಿಳಿದರೆ ಸದರಿ ಪತ್ರದ ದರ್ಬಾರು ಮುಗಿಯಿತು. ಅಂದಹಾಗೆ, ಆ ಸೆಕ್ಷನ್ನು ಶಾಲೆ ಬದಲಿಸುವ ಹಕ್ಕು ಕೊಡುವುದು ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಬರುವವರಿಗೆ. ಅನುದಾನವಿಲ್ಲದ ಶಾಲೆಗೆ ಹೋಗಲು ಹಕ್ಕು ಏಕೆ, ದುಡ್ಡಿದ್ದರೆ ಸಾಕು.

ಪ್ರಶ್ನೆ: ದುಡ್ಡಿಲ್ಲದವರ ಪಾಡು?

ಟಿ.ಸಿ.: ಅವರಿಗೆಂದು 12ನೇ ಸೆಕ್ಷನ್ ಇತ್ತು. ಅನುದಾನರಹಿತ ಶಾಲೆಯ ಆರಂಭದ ತರಗತಿಯಲ್ಲಿ ಶೇ. 25 ಸೀಟು, ಖರ್ಚು ಸರ್ಕಾರ ಭರಿಸುವುದು. ಕರ್ನಾಟಕದಲ್ಲಿ 2012ರಲ್ಲಿ ಶುರುವಾಯಿತು. 2019–20ರ ಹೊತ್ತಿಗೆ ನಿಯಮ ತಿದ್ದಿ, ನೆರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯ ಸೀಟಿಲ್ಲ ಎಂದಾಯಿತು. ಸರ್ಕಾರದ ದುಡ್ಡು ಸರ್ಕಾರಿ ಶಾಲೆಗೇ ಸೇರಬೇಕಾದ್ದು ಎಂದು ಒಬ್ಬರು, ಬಡವನಿಗೆ ತೆರೆದಿದ್ದ ಒಂದೇ ಬಾಗಿಲು ಮುಚ್ಚಿತು ಎಂದು ಇನ್ನೊಬ್ಬರು. ಇಬ್ಬರ ಮಾತಿನಲ್ಲೂ ಹುರುಳಿದೆ. ಹಾಗೆ ಉಳಿಸಿದ ದುಡ್ಡು ಯಾವ ಸರ್ಕಾರಿ ಶಾಲೆಯ ಸೂರಿಗೆ ಹೆಂಚಾಯಿತು ಎಂದು ಇಬ್ಬರೂ ಒಟ್ಟಿಗೆ ಹೋಗಿ ಕೇಳಬಹುದಿತ್ತು.

ಇಷ್ಟರಲ್ಲಿ ಹೆಡ್‌ಮೇಷ್ಟ್ರು ‘ಬೋಧನಾ ಮಾಧ್ಯಮ’ ಎಂಬ ಕಾಲಂಗೆ ಬಂದಿದ್ದರು.

ಪ್ರಶ್ನೆ: ಜಗಳದ ಮೂಲ ಈ ಕಾಲಂ ಅಲ್ಲವೆ?

ಟಿ.ಸಿ.: ಸುಪ್ರೀಂ ಕೋರ್ಟಿನವರೆಗೂ ಹೋಗಿಬಂದ ಕಾಲಂ ಇದು. ನಾಲ್ಕನೇ ತರಗತಿಯವರೆಗೆ ಮಾತೃಭಾಷೆ ಅಥವಾ ಕನ್ನಡ ಎಂದು 1994ರಲ್ಲಿ ಆದೇಶವಾಯಿತು. ಆಮೇಲೆ ಇಲ್ಲಿ ‘ಕನ್ನಡ’ ಎಂದು ಬರೆದು ತರಗತಿಯಲ್ಲಿ ಇಂಗ್ಲಿಷ್ ನಡೆಸಿದ ಶಾಲೆಗಳಿದ್ದವು. ಸದರಿ ಪತ್ರ ಸುಳ್ಳು ಹೇಳಿತು ಎನ್ನುವುದಕ್ಕಿಂತ, ಅದರ ಕೈಲಿ ಹೇಳಿಸಿದರು ಎನ್ನುವುದು ಸರಿ. 2014ರ ಮೇ 6ರಂದು ಐವರು ನ್ಯಾಯಮೂರ್ತಿಗಳ ಪೀಠ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಎಂದಿತು. 2019ರಲ್ಲಿ ಸರ್ಕಾರವೇ ತನ್ನ 1,000 ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆಯಿತು. ಸಾಹಿತಿಗಳು ಪ್ರತಿಭಟಿಸಿದರು, ಅಮ್ಮಂದಿರು ಅರ್ಜಿ ಹಿಡಿದು ಬಂದರು.

ಪ್ರಶ್ನೆ: ಅಧಿಕಾರಿಗಳ ಮಕ್ಕಳೆಲ್ಲ ಸರ್ಕಾರಿ ಶಾಲೆಗೆ ಬಂದರೆ ಎಲ್ಲವೂ ನೆಟ್ಟಗಾಗುತ್ತದೆ ಎನ್ನುವವರಿದ್ದಾರೆ.

ಟಿ.ಸಿ.: ಅಲಹಾಬಾದ್ ಹೈಕೋರ್ಟ್ 2015ರ ಆಗಸ್ಟಿನಲ್ಲಿ ಉತ್ತರಪ್ರದೇಶಕ್ಕೆ ಹಾಗೆಂದೇ ಆದೇಶ ಕೊಟ್ಟಿತು. ಅಂಥ ಮಕ್ಕಳ ಹೆಸರು ಹೊತ್ತ ಟಿ.ಸಿ.ಗಳ ಮೆರವಣಿಗೆ ಸದರಿ ಪತ್ರದ ಕಣ್ಣಿಗೆ ಬಿದ್ದಿಲ್ಲ.

ಪ್ರಶ್ನೆ: ಹಾಗಾದರೆ ಎರಡು ಕಡೆಯವರೂ ಒಪ್ಪುವ ಮಾತೇ ಇಲ್ಲವೆ?

ಟಿ.ಸಿ.: ‘ಶಾಲೆ ಬಿಟ್ಟ ಕಾರಣ’ ಎಂಬ ಜಾಗದಲ್ಲಿ ಇರಬೇಕಿತ್ತು. ಅಲ್ಲಿ ಯಾವಾಗಲೂ ‘ಪೋಷಕರ ಕೋರಿಕೆಯ ಮೇರೆಗೆ’ ಎಂದೇ ಬೀಳುತ್ತದೆ. ಕೋರಿಕೆ ಏನೆಂಬುದು ಬರೆಯುವವರ ಕಿವಿಗೆ ಬಿದ್ದಿರುತ್ತದೆ. ಸರ್ಕಾರಿ ಶಾಲೆ ಬಿಡಿಸುವಾಗ: ಐದು ತರಗತಿಗೆ ಇಬ್ಬರೇ ಮೇಷ್ಟ್ರು, ಅವರಲ್ಲೊಬ್ಬರು ಗಣತಿಗೆ ಹೋದವರು ಬಂದಿಲ್ಲ; ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರಿಲ್ಲ; ಪಕ್ಕದ ಮನೆಯವರೂ ಬಿಡಿಸಿದರು. ಖಾಸಗಿ ಶಾಲೆ ಬಿಡಿಸುವಾಗ: ವರ್ಷದೊಳಗೆ ಮಿಸ್ಸುಗಳು ಮೂವರು ಬದಲಾದರು; ಮಗು ಪಾಠವನ್ನು ಗಿಣಿಯಂತೆ ಒಪ್ಪಿಸುತ್ತದೆ, ಕೇಳಿದರೆ ಅರ್ಥ ಗೊತ್ತಿಲ್ಲ; ಡೈರಿಯಲ್ಲಿ ಬರೆದದ್ದು ಅಮ್ಮನಿಗೆ ಓದಲು ಬಾರದು; ಕೊನೆಗೆ ಫೀ. ಎರಡು ಪಟ್ಟಿಯಲ್ಲೂ ಮೊದಲ ಸಾಲು ಮೇಷ್ಟ್ರದು. ತರಗತಿಗೊಬ್ಬರು ಇರಲಿ, ಇದ್ದವರು ನಿಲ್ಲಲಿ ಎನ್ನುವುದರಲ್ಲಿ ಸರ್ಕಾರಿ ಶಾಲೆಯ ಪರ ಕೂಗುವವರಿಗೂ ಆಯ್ಕೆಯ ಪರ ವಾದಿಸುವವರಿಗೂ ತಕರಾರಿಲ್ಲ. ತಕರಾರಿಲ್ಲದ ವಿಷಯಕ್ಕೆ ಸಭೆ ಕರೆಯುವ ರೂಢಿ ಇಲ್ಲ, ಅಷ್ಟೆ.

ಪ್ರಶ್ನೆ: ಇವತ್ತಾದರೂ ನಿಜವಾದ ಕಾರಣ ಬರೆಸಿಕೊಳ್ಳಬಹುದಲ್ಲ?

ಟಿ.ಸಿ.: ಜಾಗ ಎಷ್ಟಿದೆ ನೋಡಿ.

ಜಾಗ ಅರ್ಧ ಅಂಗುಲವಿತ್ತು. ಮೇಜಿನ ಆಚೆ ಮಗಳ ಕೈ ಹಿಡಿದು ನಿಂತಿದ್ದ ತಂದೆ, ‘ಎರಡನೇ ಕ್ಲಾಸಿಗೆ ಈ ಸಲನಾದರೂ ಮೇಷ್ಟ್ರು ಬರ್ತಾರಾ ಸಾರ್? ಬಂದರೆ ಇಲ್ಲೇ ಇರಲಿ’ ಎಂದು ಕೇಳಿದರು. ಹೆಡ್‌ಮೇಷ್ಟ್ರು ಬಾಗಿಲಿನ ಕಡೆ ನೋಡಿದರು, ಉತ್ತರ ಹೇಳಲಿಲ್ಲ. ‘ಪೋಷಕರ ಕೋರಿಕೆಯ ಮೇರೆಗೆ’ ಎಂದು ಬರೆದು ಮೊಹರು ಒತ್ತಿದರು.